ಗಿಡ ಆಮೇಲೆ, ಮೊದಲು ಬಕೆಟ್ ತೋರಿಸಿ

ಯಾರಾದರೂ ಮನೆಗೆ ಕರೆದು ‘ಗಿಡ ಹಳದಿ ಆಗ್ತಿದೆ, ಸ್ವಲ್ಪ ನೋಡಿ’ ಅಂದರೆ ನಾನು ಮೊದಲು ಗಿಡದ ಹತ್ತಿರ ಹೋಗುವುದಿಲ್ಲ. ಬಚ್ಚಲುಮನೆ ಎಲ್ಲಿ ಅಂತ ಕೇಳುತ್ತೇನೆ. ಬಕೆಟ್ಟಿನ ಒಳಗೆ ಬಿಳಿ ಪಟ್ಟೆ ಕಟ್ಟಿದೆಯಾ, ನಲ್ಲಿಯ ಬಾಯಿಗೆ ಬಿಳಿ ಪುಡಿ ಮೆತ್ತಿದೆಯಾ, ಶವರಿನ ಅರ್ಧ ತೂತು ಮುಚ್ಚಿಹೋಗಿದೆಯಾ ಅಂತ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಗಿಡ ನೋಡೋಕೆ ಬಂದವರು ಪ್ಲಂಬರ್ ಥರ ಬಚ್ಚಲಲ್ಲಿ ನಿಂತಿದ್ದಾರಲ್ಲ ಅಂತ.

ಹಿಂದೊಮ್ಮೆ ಬೆಂಗಳೂರಿನ ಬನಶಂಕರಿಯ ಒಂದು ಮನೆಗೆ ಹೋಗಿದ್ದೆ. ತಾರಸಿ ಮೇಲೆ ನಲವತ್ತು ಕುಂಡ. ತುಳಸಿ, ದೊಡ್ಡಪತ್ರೆ, ಲೋಳೆಸರ ಎಲ್ಲ ಮೈತುಂಬಿಕೊಂಡಿದ್ದವು. ಗಾರ್ಡೇನಿಯಾ, ಕೇಪಳ, ಒಂದು ನಿಂಬೆ ಗಿಡ ಮಾತ್ರ ಸೊರಗಿದ್ದವು. ಗಾರ್ಡೇನಿಯಾದ ಹೊಸ ಎಲೆಗಳು ಪೂರ್ತಿ ಹಳದಿ. ನರ ಮಾತ್ರ ಹಸಿರು, ಯಾರೋ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ. ಮನೆಯ ಯಜಮಾನರು ನಿವೃತ್ತರು, ತುಂಬಾ ಶ್ರದ್ಧೆಯ ಮನುಷ್ಯ. ಎರೆಗೊಬ್ಬರ ಹಾಕಿದ್ದರು. ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಹಾಕಿದ್ದರು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದ್ದರು. ಎರಡು ಸಲ ಮಣ್ಣನ್ನೇ ಬದಲಿಸಿದ್ದರು. ‘ಮಣ್ಣು ಬದಲಿಸಿದ ಮೇಲೆ ಮೂರ್ನಾಲ್ಕು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ’ ಅಂದರು.

ಆ ಮಾತಿನಲ್ಲೇ ಉತ್ತರ ಇತ್ತು. ಹೊಸ ಮಣ್ಣು ಕೆಡುವುದಕ್ಕೆ ಮೂರ್ನಾಲ್ಕು ತಿಂಗಳು ಹಿಡಿಯುತ್ತಿತ್ತು. ಕೆಡಿಸುತ್ತಿದ್ದದ್ದು ನೀರು.

ಬೆಂಗಳೂರಿನ ಹಳೆಯ ಮನೆಗಳಲ್ಲಿ ಎರಡು ನಲ್ಲಿ ಇರುತ್ತವೆ, ನಿಮಗೂ ಗೊತ್ತು. ಸಿಹಿ ನೀರು ಅಂದರೆ ಕಾವೇರಿ. ಉಪ್ಪು ನೀರು ಅಂದರೆ ಬೋರ್‌ವೆಲ್. ಸಿಹಿ ನೀರು ಕುಡಿಯೋಕೆ, ಅಡುಗೆಗೆ. ಉಪ್ಪು ನೀರು ಪಾತ್ರೆಗೆ, ಬಟ್ಟೆಗೆ, ಗಿಡಕ್ಕೆ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ನೀರನ್ನು ಗಿಡಕ್ಕೆ ಸುರಿಯುವುದು ತಪ್ಪು ಅನ್ನುವುದು ನ್ಯಾಯವೇ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು ಅಂತ 5,000 ರೂಪಾಯಿ ದಂಡವನ್ನೂ ಇಟ್ಟಿತ್ತು. ಹಾಗಾಗಿ ಬೋರ್ ನೀರು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದರಲ್ಲಿ ಏನಿದೆ ಅಂತ ತಿಳಿದುಕೊಂಡು ಹಾಕಿ ಅನ್ನುತ್ತೇನೆ.

ಈಗ ಪಿಎಚ್ ವಿಷಯ. ಕೃಷಿ ಇಲಾಖೆಯ ಕಾಗದಗಳಲ್ಲಿ ಇದಕ್ಕೆ ರಸಸಾರ ಅಂತಾರೆ. ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಹೇಳುವ ಅಳತೆ ಇದು. 0ಯಿಂದ 14ರವರೆಗೆ. 7 ನಡುಮಧ್ಯ. ಕೆಳಗೆ ಹೋದರೆ ಹುಳಿ, ಮೇಲೆ ಹೋದರೆ ಕ್ಷಾರ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಅನ್ನುವ ರಸಾಯನಶಾಸ್ತ್ರಜ್ಞ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕೂತು ಇದನ್ನು ರೂಪಿಸಿದ. ಪಬ್‌ಗಳ ಊರಿನಲ್ಲಿ ಈ ಸಂಗತಿ ಹೇಳಿದರೆ ಜನ ಕಿವಿ ಕೊಟ್ಟು ಕೇಳುತ್ತಾರೆ. ನೆನಪಿಡಬೇಕಾದದ್ದು ಒಂದೇ. ಇದು ಸೆಂಟಿಮೀಟರ್ ಪಟ್ಟಿಯ ಹಾಗಲ್ಲ. ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. 6ಕ್ಕೂ 8ಕ್ಕೂ ನಡುವೆ ಇರುವುದು ನೂರು ಪಟ್ಟು.

ಕುಂಡದ ಬಹುತೇಕ ಗಿಡಗಳಿಗೆ 6ರಿಂದ 7ರ ಒಳಗಿನ ಮಣ್ಣು ಹಿಡಿಸುತ್ತದೆ. ಗಾರ್ಡೇನಿಯಾ, ಅಝೇಲಿಯಾ, ಕೇಪಳದಂಥವಕ್ಕೆ ಇನ್ನೂ ಸ್ವಲ್ಪ ಹುಳಿ ಬೇಕು, 5ರಿಂದ 6. ಈಚೆಗೆ ಕೆಲವರು ಆಸೆಪಟ್ಟು ತರುತ್ತಿರುವ ಬ್ಲೂಬೆರಿಗೆ 5ರ ಆಸುಪಾಸೇ ಆಗಬೇಕು. ಮಣ್ಣು ಏಳೂವರೆ ದಾಟಿದರೆ ಕಬ್ಬಿಣ, ಸತು, ಮ್ಯಾಂಗನೀಸ್ ಬೇರಿಗೆ ಸಿಗುವುದು ಕಷ್ಟ. ಅವು ಮಣ್ಣಿನಲ್ಲೇ ಇರುತ್ತವೆ, ಕರಗುವುದಿಲ್ಲ ಅಷ್ಟೇ. ಪಿಎಚ್ ಒಂದು ಅಂಕಿ ಏರಿದರೆ ನೀರಿನಲ್ಲಿ ಕರಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿದುಹೋಗುತ್ತದೆ. ನಮ್ಮ ಕೆಮ್ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು, ಅಲ್ವಾ? ಆ ಕೆಂಪು ಮಣ್ಣಿನಲ್ಲೇ ನಿಂತು ಗಿಡ ಕಬ್ಬಿಣವಿಲ್ಲದೆ ಬಿಳಿಚಿಕೊಳ್ಳುತ್ತದೆ. ಕಣಜದ ಮೇಲೆ ಕೂತು ಉಪವಾಸ ಇದ್ದ ಹಾಗೆ.

ಇಲ್ಲಿಯವರೆಗೆ ಬಹಳ ಜನಕ್ಕೆ ಗೊತ್ತು. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆನ್‌ಲೈನ್‌ನಲ್ಲಿ ಒಂದು ಪಿಎಚ್ ಪೆನ್ ತರಿಸಿ, ನಲ್ಲಿ ನೀರಿಗೆ ಅದ್ದಿ, ‘ಏಳು ತೋರಿಸ್ತು, ನಮ್ಮ ನೀರು ಸರಿಯಾಗಿದೆ’ ಅಂತ ಸುಮ್ಮನಾಗುತ್ತಾರೆ. ಬೋರ್ ನೀರಿನಲ್ಲಿ ಈ ಅಂಕಿ ಮೋಸ ಮಾಡುತ್ತದೆ. ಆಳದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಸೋಡಾ ಬಾಟಲಿಯಲ್ಲಿ ಇರುವ ಹಾಗೆ, ಆದರೆ ಕಡಿಮೆ. ಅದು ಇರುವ ತನಕ ನೀರು ಸ್ವಲ್ಪ ಹುಳಿಯಾಗಿ ಕಾಣುತ್ತದೆ. ಅದೇ ನೀರನ್ನು ಅಗಲದ ಬೋಗುಣಿಯಲ್ಲಿ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಬನಶಂಕರಿಯ ಮನೆಯಲ್ಲಿ ಬೆಳಿಗ್ಗೆ ಪಂಪ್ ಹಾಕಿದ ಕೂಡಲೇ 7.1 ಇತ್ತು. ಮರುದಿನ ಯಜಮಾನರೇ ಫೋನ್ ಮಾಡಿ 8.2 ಅಂದರು. ನೀರು ಅದೇ, ಗಾಳಿ ಹೋಯಿತು ಅಷ್ಟೇ.

ನೋಡಬೇಕಾದದ್ದು ಪಿಎಚ್ ಅಲ್ಲ, ಕ್ಷಾರೀಯತೆ. ಎರಡೂ ಒಂದೇ ಅಂತ ಕೇಳಿಸುತ್ತದೆ, ಆದರೆ ಬೇರೆ. ಪಿಎಚ್ ಅಂದರೆ ಈ ಕ್ಷಣಕ್ಕೆ ನೀರಿನ ಮುಖ ಹೇಗಿದೆ ಅನ್ನುವುದು. ಕ್ಷಾರೀಯತೆ ಅಂದರೆ ಅದರ ಹೊಟ್ಟೆಯಲ್ಲಿ ಎಷ್ಟು ಸುಣ್ಣ ಇದೆ ಅನ್ನುವುದು. ಶಾಸ್ತ್ರದ ಪ್ರಕಾರ ಬೈಕಾರ್ಬನೇಟ್. ಅಳೆಯುವಾಗ ಅಷ್ಟು ಸುಣ್ಣದಕಲ್ಲಿಗೆ ಸಮ ಅಂತ ಲೀಟರಿಗೆ ಇಷ್ಟು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಕುಂಡದ ಗಿಡಕ್ಕೆ 100ರ ಒಳಗಿದ್ದರೆ ಒಳ್ಳೆಯದು, 150ರವರೆಗೆ ನಿಭಾಯಿಸಬಹುದು, 200 ದಾಟಿದರೆ ಹುಳಿ ಬಯಸುವ ಗಿಡಗಳು ತಕರಾರು ತೆಗೆಯುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ 200 ಇರಲಿ ಅನ್ನುತ್ತದೆ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಅಂದರೆ ನಿಮಗೆ ಕುಡಿಯಲು ಅಡ್ಡಿಯಿಲ್ಲದ ನೀರು ಗಾರ್ಡೇನಿಯಾಕ್ಕೆ ಆಗದೆ ಹೋಗಬಹುದು.

ಇದನ್ನು ಅಳೆಯಲು ಲ್ಯಾಬೇ ಬೇಕಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಕೆಎಚ್ ಕಿಟ್ ಅಂತ ಸಿಗುತ್ತದೆ. ಮೀನು ಸಾಕುವವರ ಸಾಮಾನು. ಪುಟ್ಟ ಗಾಜಿನ ಕೊಳವೆಯಲ್ಲಿ 5 ಮಿಲಿ ನೀರು ತೆಗೆದುಕೊಂಡು, ಬಣ್ಣ ಬದಲಾಗುವವರೆಗೆ ಹನಿ ಹನಿಯಾಗಿ ದ್ರಾವಣ ಹಾಕುತ್ತಾ ಎಣಿಸಬೇಕು. ಸಾಮಾನ್ಯವಾಗಿ ಒಂದು ಹನಿಗೆ ಸುಮಾರು 18 ಮಿಲಿಗ್ರಾಂ. ಬನಶಂಕರಿಯ ಉಪ್ಪು ನೀರು ಹದಿನೇಳು ಹನಿ ಕುಡಿಯಿತು. 300ರ ಮೇಲೆ. ಅದೇ ಮನೆಯ ಸಿಹಿ ನೀರಿಗೆ ಏಳೇ ಹನಿ ಸಾಕಾಯಿತು.

ನಾನು ಅಲ್ಲೇ ಕೂತು ಅವರಿಗೆ ಲೆಕ್ಕ ತೋರಿಸಿದೆ. ಗಾರ್ಡೇನಿಯಾ ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ನೀರು. ವರ್ಷಕ್ಕೆ 180 ಲೀಟರ್ ಆಯಿತು. ಲೀಟರಿಗೆ 0.3 ಗ್ರಾಂನಂತೆ ವರ್ಷಕ್ಕೆ 54 ಗ್ರಾಂ. ಒಂದು ಹಿಡಿ ಸುಣ್ಣದಕಲ್ಲಿನ ಪುಡಿಗೆ ಸಮ. ಒಂದಷ್ಟು ಕೆಳಗಿನ ತೂತಿನಿಂದ ಹರಿದುಹೋಗುತ್ತದೆ ಅಂತಿಟ್ಟುಕೊಂಡರೂ ಉಳಿಯುವುದು ಕಮ್ಮಿಯಲ್ಲ. ‘ಅಂದ್ರೆ ನಾನೇ ದಿನಾ ಬೆಳಿಗ್ಗೆ ಎದ್ದು ಸುಣ್ಣ ಹಾಕ್ತಿದ್ದೆ ಅನ್ನಿ’ ಅಂದರು. ಹೌದು, ಅದೇ. ನೆಲದಲ್ಲಿರುವ ಗಿಡಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ. ಸುತ್ತ ಬೇಕಾದಷ್ಟು ಮಣ್ಣಿದೆ, ಮಳೆ ತೊಳೆಯುತ್ತದೆ. ಹನ್ನೆರಡು ಇಂಚಿನ ಕುಂಡಕ್ಕೆ ಆ ಸವಲತ್ತಿಲ್ಲ. ಕುಂಡ ಚಿಕ್ಕದಾದಷ್ಟೂ ಬೇಗ ಕೆಡುತ್ತದೆ.

ಈ ಸುಣ್ಣ ಬೋರ್‌ವೆಲ್‌ಗೆ ಎಲ್ಲಿಂದ ಬಂತು? ಮಳೆಹನಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 5.6ರ ಸುಮಾರಿನಲ್ಲಿ ನೆಲಕ್ಕೆ ಬೀಳುತ್ತದೆ, ಸ್ವಲ್ಪ ಹುಳಿ. ಬೇರುಗಳ ನಡುವೆ ಇಳಿಯುವಾಗ ಇನ್ನಷ್ಟು ಹುಳಿಯಾಗುತ್ತದೆ. ಆಮೇಲೆ ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ಸುತ್ತುತ್ತದೆ. ಲಾಲ್‌ಬಾಗಿನ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಗುಡ್ಡ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ನಮ್ಮ ಮನೆಗಳ ಕೆಳಗೂ ಇರುವುದು ಅಂಥದೇ ಬಂಡೆ, ಗ್ರಾನೈಟು. ಹುಳಿ ನೀರು ಅದನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತಾ ತನ್ನ ಹುಳಿ ಕಳೆದುಕೊಂಡು, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಹೊತ್ತುಕೊಂಡು ನಮ್ಮ ಪಂಪಿಗೆ ಬರುತ್ತದೆ. ಬೋರ್ ಆಳವಾದಷ್ಟೂ, ನೀರು ಬಂಡೆಯ ಜೊತೆ ಕಳೆದ ಕಾಲ ಜಾಸ್ತಿಯಾದಷ್ಟೂ ಈ ಹೊರೆ ಸಾಮಾನ್ಯವಾಗಿ ಜಾಸ್ತಿ. ಟ್ಯಾಂಕರ್ ನೀರಂತೂ ಇವತ್ತು ಒಂದು ಬೋರಿನದು, ನಾಳೆ ಇನ್ನೊಂದರದು. 2024ರ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಹೊರವಲಯದ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ಎರಡೂ ಬೆರೆತಿರುತ್ತದೆ. ಹಾಗಾಗಿ ಒಂದು ಸಲ ಅಳೆದು ಬಿಡುವ ವಿಷಯ ಅಲ್ಲ ಇದು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಹನಿ ಎಣಿಸಿ.

ಎಲೆ ಹಳದಿಯಾದದ್ದೆಲ್ಲ ಪಿಎಚ್ ತೊಂದರೆ ಅಂತಲೂ ಅಂದುಕೊಳ್ಳಬೇಡಿ. ಯಾವ ಎಲೆ ಹಳದಿ ಆಗಿದೆ ಅಂತ ನೋಡಿ. ತುದಿಯ ಎಳೆ ಎಲೆಗಳು ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ, ಆಗ ನೀರಿನ ಮೇಲೆ ಅನುಮಾನ ಪಡಿ. ಬುಡದ ಹಳೆಯ ಎಲೆಗಳು ಪೂರ್ತಿ ಮಾಸಲು ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಗಳಲ್ಲೇ ನರಗಳ ನಡುವೆ ಹಳದಿ ಬಂದರೆ ಮೆಗ್ನೀಸಿಯಂ. ಎಪ್ಸಮ್ ಸಾಲ್ಟ್ ಕೆಲಸ ಮಾಡುವುದು ಈ ಮೂರನೆಯದಕ್ಕೆ ಮಾತ್ರ. ಬೋರ್ ನೀರಿನಲ್ಲಿ ಮೆಗ್ನೀಸಿಯಂ ಹೇಗೂ ಇರುತ್ತದೆ, ಅದಕ್ಕೇ ಬೆಂಗಳೂರಿನ ತಾರಸಿಗಳಲ್ಲಿ ಸುರಿಯುವ ಎಪ್ಸಮ್ ಸಾಲ್ಟಿನಲ್ಲಿ ಬಹುಪಾಲು ದಂಡ ಅಂತ ನನ್ನ ಅಭಿಪ್ರಾಯ. ಬೇರು ಕೊಳೆತಿದ್ದರೂ ಎಳೆ ಎಲೆ ಬಿಳಿಚುತ್ತದೆ. ಕುಂಡದಲ್ಲಿ ನೀರು ನಿಂತು ವಾಸನೆ ಬರುತ್ತಿದ್ದರೆ ಪಿಎಚ್ ಕಿಟ್ ಪಕ್ಕಕ್ಕಿಟ್ಟು ಮೊದಲು ತೂತು ಬಿಡಿಸಿ.

ಕುಂಡದ ಅಂಚಿನಲ್ಲಿ ಕಟ್ಟಿದ ಬಿಳಿ ಪದರಕ್ಕೆ ಎರಡು ಹನಿ ವಿನೆಗರ್ ಬಿಟ್ಟು ನೋಡಿ. ಬುಸ್ಸೆಂದು ನೊರೆ ಬಂದರೆ ಸುಣ್ಣ. ಬರದಿದ್ದರೆ ಗೊಬ್ಬರದ ಉಪ್ಪು. ಎರಡಕ್ಕೂ ಮದ್ದು ಬೇರೆ.

ಇನ್ನು ಮನೆಮದ್ದುಗಳು. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ನಮ್ಮಮ್ಮನೂ ಹಾಕುತ್ತಿದ್ದರು. ಹಾಕಿದ ಮೇಲೆ ಗಿಡ ಚಿಗುರುವುದೂ ನಿಜ. ಆದರೆ ಚಿಗುರುವುದು ಹುಳಿಯಿಂದ ಅಲ್ಲ, ಮಜ್ಜಿಗೆಯ ಪ್ರೋಟೀನಿನಲ್ಲಿರುವ ಸಾರಜನಕದಿಂದ ಅನ್ನುವುದು ನನ್ನ ಲೆಕ್ಕ. ಒಂದು ಲೋಟ ಚೆನ್ನಾಗಿ ಹುಳಿ ಬಂದ ಮಜ್ಜಿಗೆಯ ಆಮ್ಲ ಬನಶಂಕರಿಯಂಥ ಬೋರ್ ನೀರಿನ ಎರಡು ಮೂರು ಲೀಟರನ್ನು ಸರಿದೂಗಿಸಬಹುದು, ಅಷ್ಟೇ. ಅದೂ ತಾತ್ಕಾಲಿಕವಾಗಿ. ಫಿಲ್ಟರ್ ಕಾಫಿಯ ಚರಟ ಹುಳಿ ಅಂತ ಎಲ್ಲರೂ ನಂಬಿದ್ದಾರೆ. ಹುಳಿಯೆಲ್ಲ ಡಿಕಾಕ್ಷನ್ ಜೊತೆ ನಿಮ್ಮ ಹೊಟ್ಟೆ ಸೇರಿರುತ್ತದೆ. ಉಳಿದ ಚರಟ ಹೆಚ್ಚುಕಡಿಮೆ ನಡುಮಧ್ಯ. ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕುಂಡದ ಮೇಲೆ ದಪ್ಪಗೆ ಹರಡಬೇಡಿ, ಒಣಗಿ ಹಪ್ಪಳದಂತೆ ಕಟ್ಟಿಕೊಂಡು ನೀರು ಇಳಿಯಲು ಬಿಡುವುದಿಲ್ಲ. ಒಲೆಯ ಬೂದಿ ಹಳ್ಳಿಯಲ್ಲಿ ಒಳ್ಳೆಯ ಗೊಬ್ಬರ. ಆದರೆ ಅದು ಗಟ್ಟಿ ಕ್ಷಾರ. ಉಪ್ಪು ನೀರು ಕುಡಿಯುವ ಕುಂಡಕ್ಕೆ ಬೂದಿ ಹಾಕುವುದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಮೊಟ್ಟೆ ಸಿಪ್ಪೆಯೂ ಸುಣ್ಣವೇ, ನಿಧಾನದ ಸುಣ್ಣ.

ಹುಳಿ ನೀರಿನ ವಿಷಯದಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಕೆಲಸ ಶುರು ಮಾಡಿದ ಹೊಸತು. ಕೋರಮಂಗಲದ ಒಂದು ಮನೆಯಲ್ಲಿ ಇದೇ ರೋಗ. ಸಿಟ್ರಿಕ್ ಆಮ್ಲದ ಪುಡಿ ತರಿಸಿ, 10 ಲೀಟರ್ ಬಕೆಟ್ಟಿಗೆ 4 ಗ್ರಾಂ ಬೆರೆಸಿ, ಮೀಟರ್ ಅದ್ದಿ, ‘ನೋಡಿ, ಆರಕ್ಕೆ ಬಂತು’ ಅಂತ ಹೆಮ್ಮೆಯಿಂದ ತೋರಿಸಿದೆ. ದಿನಾ ಹೀಗೇ ಹಾಕಿ ಅಂದೆ. ಮೊದಲು ಸ್ವಲ್ಪ ಸುಧಾರಿಸಿತು. ಮೂರು ತಿಂಗಳ ಮೇಲೆ ಹೋಗಿ ಮಣ್ಣು ಅಳೆದರೆ ಮತ್ತೆ ಏಳೂಮುಕ್ಕಾಲು. ತಲೆ ಕೆಟ್ಟಿತು. ಆಮೇಲೆ ಕೂತು ಯೋಚಿಸಿದಾಗ ಹೊಳೆಯಿತು. ಸಿಟ್ರಿಕ್ ಆಮ್ಲ ಬಕೆಟ್ಟಿನಲ್ಲಿ ಬೈಕಾರ್ಬನೇಟನ್ನು ಗುಳ್ಳೆ ಮಾಡಿ ಓಡಿಸುತ್ತದೆ, ನಿಜ. ಆದರೆ ಅದರ ಜಾಗದಲ್ಲಿ ಸಿಟ್ರೇಟ್ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಟ್ರೇಟ್ ಅಂದರೆ ಪಾಯಸ. ಅವು ಅದನ್ನು ತಿಂದು ಮುಗಿಸಿದಾಗ ಹೊರಬರುವುದು ಮತ್ತೆ ಬೈಕಾರ್ಬನೇಟೇ. ಮುಂದಿನ ಬಾಗಿಲಿನಿಂದ ಓಡಿಸಿದ್ದು ಹಿಂದಿನ ಬಾಗಿಲಿನಿಂದ ಒಳಗೆ ಬಂದಿತ್ತು. ವಿನೆಗರ್, ನಿಂಬೆರಸ, ಹುಣಸೆ ನೀರು, ಮಜ್ಜಿಗೆ ಎಲ್ಲದರ ಹಣೆಬರಹವೂ ಇದೇ. ಎಲೆಗೆ ಸಿಂಪಡಿಸುವ ನೀರಿಗೆ, ಹನಿ ನೀರಾವರಿ ಪೈಪು ತೊಳೆಯಲು ಇವು ಸರಿ. ಮಣ್ಣಿನ ಪಿಎಚ್ ಇಳಿಸಿ ಹಿಡಿದಿಡಲು ಆಗುವುದಿಲ್ಲ. ಕೆಲವರು ಬ್ಯಾಟರಿ ಆಸಿಡ್ ಹನಿಸುತ್ತೇನೆ ಅಂತಾರೆ. ಗಂಧಕಾಮ್ಲ ಶಾಸ್ತ್ರದ ಪ್ರಕಾರ ಕೆಲಸ ಮಾಡುತ್ತದೆ, ದೊಡ್ಡ ನರ್ಸರಿಗಳಲ್ಲಿ ತರಬೇತಾದವರು ಶುದ್ಧ ಆಮ್ಲವನ್ನು ಅಳತೆಯಿಂದ ಬಳಸುವುದೂ ಉಂಟು. ಮಕ್ಕಳು ಓಡಾಡುವ ಮನೆಯಲ್ಲಿ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಅಗ್ಗದ, ಒಳ್ಳೆಯ ದಾರಿ ನೀರು ಬೆರೆಸುವುದು. ಮಳೆ ನೀರಿನಲ್ಲಿ ಕ್ಷಾರೀಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರ್ಧ ಬಕೆಟ್ ಮಳೆ ನೀರಿಗೆ ಅರ್ಧ ಬಕೆಟ್ ಬೋರ್ ನೀರು ಸೇರಿಸಿದರೆ 300 ಇದ್ದದ್ದು 150 ಆಗುತ್ತದೆ. ಪಿಎಚ್ ಹೀಗೆ ಸರಾಸರಿಗೆ ಸಿಗುವುದಿಲ್ಲ, ಕ್ಷಾರೀಯತೆ ಸಿಗುತ್ತದೆ. ಲೆಕ್ಕಕ್ಕೆ ಇದೇ ಅನುಕೂಲ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ತಾರಸಿಯ ಮೂಲೆಯ 100 ಚದರಡಿ ಶೀಟಿನ ಮೇಲೆ 10 ಮಿಲಿಮೀಟರ್ ಬಿದ್ದರೂ 90 ಲೀಟರ್. ಒಂದು ಡ್ರಮ್ ಇಟ್ಟರೆ ಸಾಕು, ಹುಳಿ ಬೇಡುವ ನಾಲ್ಕೈದು ಕುಂಡಕ್ಕೆ ವಾರಗಟ್ಟಲೆ ಬರುತ್ತದೆ. ಮೊದಲ ಮಳೆಯ ಧೂಳು ನೀರು ಬಿಟ್ಟುಬಿಡಿ, ಮುಚ್ಚಳ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಏಪ್ರಿಲಿನ ಮಾವಿನ ಮಳೆ ಬಿದ್ದ ವಾರವೇ ಕುಂಡಗಳು ಕಳೆ ಬಂದಂತೆ ಕಾಣುತ್ತವಲ್ಲ, ಅದರ ಒಂದು ಗುಟ್ಟು ಇದೇ. ತಿಂಗಳುಗಟ್ಟಲೆ ಕಟ್ಟಿಕೊಂಡ ಉಪ್ಪನ್ನು ಮೆದು ನೀರು ತೊಳೆದಿರುತ್ತದೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಡ್ರಮ್ ಜೋಡಿಸುವ ಮೊದಲು ಒಂದು ಸುತ್ತು ಹಾಕಿ ಬನ್ನಿ.

ಫ್ಲ್ಯಾಟಿನವರಿಗೆ ಡ್ರಮ್ ಇಡಲು ಜಾಗ ಇಲ್ಲ, ಸರಿ. ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ. ಅದರಲ್ಲಿ ಸುಣ್ಣದ ಅಂಶ ಇಲ್ಲದ ಹಾಗೆಯೇ. ಸೊಪ್ಪಿಗೆ, ತರಕಾರಿಗೆ ಬೇಡ, ಹೂವಿನ ಗಿಡಕ್ಕೆ ಬೆರೆಸಿ ಹಾಕಬಹುದು. ಆದರೆ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಾರ್ಡೇನಿಯಾಕ್ಕೆ ಹಾಕಬೇಡಿ. ನಿಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪು, ಸುಣ್ಣ ಎಲ್ಲ ಸೇರಿರುವುದು ಅಲ್ಲೇ. ನೆಲ ಒರೆಸಲು ಬಳಸಿ. ಇನ್ನು ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು. ಹೆಸರು ಕೇಳಿ ಮೋಸ ಹೋಗಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಬೈಕಾರ್ಬನೇಟ್ ಹಾಗೇ ಉಳಿಯುತ್ತದೆ. ಬಕೆಟ್ಟಿನಲ್ಲಿ ಬಿಳಿ ಪಟ್ಟೆ ಕಾಣುವುದಿಲ್ಲ, ಸೋಪು ನೊರೆ ಬರುತ್ತದೆ, ಗಿಡಕ್ಕೆ ಮಾತ್ರ ಬೋರ್ ನೀರಿಗಿಂತ ಕೆಟ್ಟದ್ದು. ವೈಟ್‌ಫೀಲ್ಡ್ ಕಡೆ ನಾನು ನೋಡುವ ಸುಟ್ಟ ಎಲೆಯಂಚುಗಳಲ್ಲಿ ಬಹಳಷ್ಟು ಈ ನೀರಿನ ಕೆಲಸ. ನನ್ನ ಬಕೆಟ್ ಪರೀಕ್ಷೆ ಸೋಲುವುದೂ ಇಲ್ಲಿಯೇ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಅಂತ ಮೇಂಟೆನೆನ್ಸ್‌ನವರನ್ನು ಕೇಳಿ.

ಬೆರೆಸಲು ಬೇರೆ ನೀರೇ ಇಲ್ಲ ಅಂದವರಿಗೆ ಎರಡು ಪುಡಿ ಹೇಳುತ್ತೇನೆ. ಒಂದು ಅಮೋನಿಯಂ ಸಲ್ಫೇಟ್. ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಈ ಆಮ್ಲ ಸಿಟ್ರಿಕ್‌ನ ಹಾಗೆ ಕೈಕೊಡುವುದಿಲ್ಲ. ಒಂದು ಗ್ರಾಂ ಗೊಬ್ಬರ ಸುಮಾರು ಒಂದು ಗ್ರಾಂ ಸುಣ್ಣವನ್ನು ಸರಿದೂಗಿಸುತ್ತದೆ. ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೆ ನಾಲ್ಕೂವರೆ ಗ್ರಾಂ ಸುಣ್ಣ ಬೀಳುತ್ತಿದ್ದರೆ, ವಾರಕ್ಕೊಮ್ಮೆ ಒಂದು ಲೀಟರ್ ನೀರಿನಲ್ಲಿ 1 ಗ್ರಾಂ ಕರಗಿಸಿ ಹಾಕಿದರೆ ಲೆಕ್ಕ ಚುಕ್ತಾ. ಮಣ್ಣು ಒದ್ದೆ ಇರುವಾಗ ಹಾಕಿ. ಬೇರೆ ಸಾರಜನಕ ಗೊಬ್ಬರ ಆಗ ಬೇಡ. ಇನ್ನೊಂದು ಗಂಧಕ. ಬೂದಿ ರೋಗಕ್ಕೆ ಸಿಂಪಡಿಸುವ, ನೀರಿನಲ್ಲಿ ಕದಡುವ ಗಂಧಕದ ಪುಡಿಯೇ ಸಾಕು. ಇದು ಒಂದು ಗ್ರಾಮಿಗೆ ಮೂರು ಗ್ರಾಂ ಸುಣ್ಣವನ್ನು ತೀರಿಸುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಚಮಚ, 4–5 ಗ್ರಾಂ, ಮೇಲ್ಮಣ್ಣಿಗೆ ಕಲಸಿ. ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡಲು ಒಂದೆರಡು ತಿಂಗಳು ತೆಗೆದುಕೊಳ್ಳುತ್ತವೆ. ಏನೂ ಆಗಲಿಲ್ಲ ಅಂತ ಹದಿನೈದು ದಿನಕ್ಕೆ ಮತ್ತೊಂದು ಚಮಚ ಹಾಕಿದವರ ಗಿಡ ಸತ್ತದ್ದು ನೋಡಿದ್ದೇನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಎರಡೂ ಒಟ್ಟಿಗೆ ಬೇಡ.

ಮಣ್ಣು ಸರಿಹೋಗುವವರೆಗೆ ಗಿಡ ಬದುಕಬೇಕಲ್ಲ. ಅದಕ್ಕೆ ಎಲೆಯ ಮೂಲಕ ಕಬ್ಬಿಣ. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಅಂತ ಕೇಳಿ, ಅದೇ ಫೆರಸ್ ಸಲ್ಫೇಟ್. ಹರಳು ತಿಳಿಹಸಿರು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಲೀಟರ್ ನೀರಿಗೆ 3 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ. ಸಂಜೆ ಹೊತ್ತು ಎಳೆ ಎಲೆಗೆ, ಹದಿನೈದು ದಿನಕ್ಕೊಮ್ಮೆ, ಮೂರ್ನಾಲ್ಕು ಸಲ. ಮೊದಲು ಒಂದು ಕೊಂಬೆಗೆ ಮಾತ್ರ ಹೊಡೆದು ಎರಡು ದಿನ ನೋಡಿ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಬೈಸಿಕೊಂಡ ಅನುಭವ ಇದೆ. ಅನ್ನಭೇದಿಯನ್ನು ಮಣ್ಣಿಗೆ ಸುರಿದರೆ ಸುಣ್ಣದ ಜೊತೆ ಸೇರಿ ತುಕ್ಕಾಗಿ ಕೂರುತ್ತದೆ, ಪ್ರಯೋಜನ ಕಡಿಮೆ. ಮಣ್ಣಿಗೇ ಕಬ್ಬಿಣ ಕೊಡಬೇಕೆಂದರೆ ಕೀಲೇಟ್ ಬೇಕು, ಅಂದರೆ ಕಬ್ಬಿಣ ತುಕ್ಕಾಗದಂತೆ ಹಿಡಿದುಕೊಂಡಿರುವ ರೂಪ. ಅದರಲ್ಲೂ ಡಬ್ಬದ ಮೇಲೆ ಇಡಿಟಿಎ ಅಂತ ಇದ್ದರೆ ಆರೂವರೆ ದಾಟಿದ ಮಣ್ಣಿನಲ್ಲಿ ಅದು ಕೈಚೆಲ್ಲುತ್ತದೆ. ಇಡಿಡಿಎಚ್‌ಎ ಅಂತ ಇರುವುದು ಒಂಬತ್ತರವರೆಗೂ ತಡೆಯುತ್ತದೆ. ಬೆಲೆ ಜಾಸ್ತಿ, ಆದರೆ ಉಗುರಿನಷ್ಟು ಸಾಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೆಬಲ್ ಸ್ಪೆಷಲ್ ಥರದ ಸೂಕ್ಷ್ಮಪೋಷಕಾಂಶದ ಪುಡಿಗಳೂ ಎಲೆಗೆ ಸಿಂಪಡಿಸುವಂಥವೇ, ತಾರಸಿಯ ತರಕಾರಿಗೆ ಸುಲಭ.

ಸಿಮೆಂಟ್ ಕುಂಡದ ಬಗ್ಗೆ ಒಂದು ಮಾತು. ರಸ್ತೆ ಬದಿ ಸಿಗುವ ಹೊಸ ಸಿಮೆಂಟ್ ಕುಂಡ ಮೊದಮೊದಲು ಸುಣ್ಣ ಬಿಡುತ್ತಲೇ ಇರುತ್ತದೆ. ತಂದ ಕೂಡಲೇ ನೀರು ತುಂಬಿಸಿ ಎರಡು ದಿನ ಬಿಡಿ. ಆ ನೀರಿಗೆ ಒಂದು ಚಿಟಿಕೆ ಅರಿಸಿನ ಹಾಕಿ. ಆರತಿಗೆ ಮಾಡುವ ಓಕುಳಿಯ ಹಾಗೆ ಕೆಂಪಗಾದರೆ ಇನ್ನೂ ಸುಣ್ಣ ಇಳಿಯುತ್ತಿದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ರಸಾಯನಶಾಸ್ತ್ರ. ನೀರು ಚೆಲ್ಲಿ, ಮತ್ತೆ ತುಂಬಿಸಿ, ಅರಿಸಿನ ಹಳದಿಯಾಗಿಯೇ ಉಳಿಯುವವರೆಗೆ ಮಾಡಿ. ಚೀಲದಲ್ಲಿ ಮಾರುವ ಕೆಮ್ಮಣ್ಣೂ ಹಾಗೇ. ಬೆಂಗಳೂರಿನ ಕೆಮ್ಮಣ್ಣು ಸ್ವಭಾವತಃ ಸ್ವಲ್ಪ ಹುಳಿ ಕಡೆಯದು, ಒಳ್ಳೆಯದೇ. ಆದರೆ ಪಾಯ ತೋಡಿದ ಕಡೆಯಿಂದ ಬಂದದ್ದರಲ್ಲಿ ಗಾರೆ ಚೂರು ಸೇರಿರುತ್ತದೆ. ಬೂದು ಬಣ್ಣದ ಹೆಂಟೆ ಕಂಡರೆ ವಿನೆಗರ್ ಬಿಟ್ಟು ನೋಡಿ.

ಎದುರು ದಿಕ್ಕಿನ ತೊಂದರೆಯೂ ಉಂಟು, ಅಪರೂಪಕ್ಕೆ. ತೀರ್ಥಹಳ್ಳಿಯಿಂದಲೋ ಶಿರಸಿಯಿಂದಲೋ ಊರಿನ ಮಣ್ಣು ಚೀಲದಲ್ಲಿ ತಂದು, ಬರೀ ಮಳೆ ನೀರು ಅಥವಾ ಆರ್‌ಒ ಯಂತ್ರದ ಕುಡಿಯುವ ನೀರು ಹಾಕುವವರ ಕುಂಡ ವರ್ಷ ಕಳೆದಂತೆ 5ರ ಕೆಳಗೆ ಜಾರಬಹುದು. ಅವರಿಗೆ ಸುಣ್ಣ ಬೇಕು. ಆದರೆ ಬೋರ್ ನೀರು ಹಾಕುವವರು ವಿಡಿಯೊ ನೋಡಿ ಟೊಮೆಟೊ ಬುಡಕ್ಕೆ ಎಲೆಯಡಿಕೆ ಸುಣ್ಣ ಹಾಕುವುದು ಯಾಕೆ? ಕಾಯಿಯ ತಳ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆಯಿಂದ ನಿಜ. ಆ ಕೊರತೆ ಮಣ್ಣಿನದಲ್ಲ. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದರೆ ಕ್ಯಾಲ್ಸಿಯಂ ಕಾಯಿಯವರೆಗೆ ತಲುಪುವುದಿಲ್ಲ. ನೀರಿನ ಹೊತ್ತು ಸರಿಮಾಡಿ.

ಮಣ್ಣು ಅಳೆಯುವುದಿದ್ದರೆ ಮಣ್ಣಿಗೆ ಚುಚ್ಚುವ ಎರಡು ಕಾಲಿನ ಅಗ್ಗದ ಮೀಟರ್ ನಂಬಬೇಡಿ. ಒಂದು ಪಾಲು ಒಣ ಮಣ್ಣಿಗೆ ಎರಡೂವರೆ ಪಾಲು ಆರ್‌ಒ ಯಂತ್ರದ ಕುಡಿಯುವ ನೀರು ಹಾಕಿ, ಅರ್ಧ ಗಂಟೆ ಆಗಾಗ ಕದಡಿ, ಪೆನ್ ಮೀಟರ್ ಅದ್ದಿ. ಪೆನ್ನನ್ನು 4 ಮತ್ತು 7ರ ದ್ರಾವಣದಲ್ಲಿ ಸರಿಪಡಿಸಿಕೊಳ್ಳದೆ ಬಳಸಿದರೆ ಕಡ್ಡಿ ಎತ್ತಿ ಜ್ಯೋತಿಷ್ಯ ಹೇಳಿದ ಹಾಗೆ. ಪೂರ್ತಿ ವರದಿ ಬೇಕಿದ್ದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಅರ್ಧ ಕೆಜಿ ಮಣ್ಣು ಒಯ್ಯಿರಿ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ದಾಳಿಂಬೆ, ಅಂಜೂರ, ಕಣಗಲೆ, ಲೋಳೆಸರ, ಪಾಲಕ್ ಇವೆ. ಉಪ್ಪು ನೀರಿಗೆ ಇವು ಗೊಣಗುವುದಿಲ್ಲ. ಮಲ್ಲೇಶ್ವರದಲ್ಲಿ ಒಬ್ಬರು ಮಡಿಕೇರಿಯಿಂದ ನೀಲಿ ಹೈಡ್ರೇಂಜಿಯಾ ತಂದಿದ್ದರು. ಎರಡನೇ ವರ್ಷಕ್ಕೆ ಹೂವು ಗುಲಾಬಿಯಾಯಿತು. ಆ ಹೂವಿನ ನೀಲಿಗೆ ಅಲ್ಯೂಮಿನಿಯಂ ಬೇಕು, ಹುಳಿ ಮಣ್ಣಿನಲ್ಲಿ ಮಾತ್ರ ಅದು ಕರಗುತ್ತದೆ. ನರ್ಸರಿಯವರು ಬೇರೆ ಗಿಡ ಕೊಟ್ಟು ಮೋಸ ಮಾಡಿದರು ಅಂತ ಅವರಿಗೆ ಸಿಟ್ಟು. ಬಚ್ಚಲಿನ ಬಕೆಟ್ ತೋರಿಸಿದೆ. ಮತ್ತೆ ನೀಲಿ ಬೇಕೆಂದರೆ ಗಂಧಕ, ಮಳೆ ನೀರು, ಸ್ವಲ್ಪ ಪಟಿಕದ ಪುಡಿ ಅಂತ ಬರೆದುಕೊಟ್ಟೆ. ಒಂದು ಕುಂಡಕ್ಕೆ ಹಾಗೆ ಮಾಡಿ, ಇನ್ನೊಂದನ್ನು ಹಾಗೇ ಬಿಟ್ಟಿದ್ದಾರೆ.

ಬನಶಂಕರಿಯ ಗಾರ್ಡೇನಿಯಾಕ್ಕೆ ಈಗ ಡ್ರಮ್ಮಿನ ನೀರು. ಹಳದಿಯಾಗಿದ್ದ ಹಳೆಯ ಎಲೆಗಳಲ್ಲಿ ಕೆಲವು ಹಾಗೇ ಇವೆ, ಅವು ಪೂರ್ತಿ ಹಸಿರಾಗುವುದಿಲ್ಲ, ಕೀಳಬೇಡಿ ಅಂದಿದ್ದೇನೆ. ತುದಿಯಲ್ಲಿ ಬಂದಿರುವ ಆರೇಳು ಎಲೆ ಮಾತ್ರ ಕಡುಹಸಿರು.